ಕಿತ್ತಳೆ ಚುಚ್ಚಿದ ಕೊಂಬೆ

ತಾರುಮಿಜು
ನವೆಂಬರ್ ೬

ರಿಸಾಕು ಸಾನ್ ಅವರಿಗೆ,

ನೀವು ಕಳಿಸಿದ ಊದುಬತ್ತಿ ತಲುಪಿತು. ನಮ್ಮ ಯಜಮಾನರು ತೀರಿಕೊಂಡ ನಲವತ್ತೊಂಬತ್ತನೆಯ ದಿನದ ಪೂಜೆಗೆ ಅದನ್ನೇ ಹಚ್ಚಿದೆ. ಮೊಣಕಾಲು ನೋವಿನಿಂದ ಬರಲಾಗಲಿಲ್ಲ ಎಂದು ನೀವು ಅಷ್ಟು ಸಲ ಕ್ಷಮೆ ಕೇಳಬೇಕಾಗಿರಲಿಲ್ಲ. ತೊಕಿಜಿ ಇದ್ದಿದ್ದರೆ "ಅವನು ಬರದಿದ್ದೇ ಒಳ್ಳೇದಾಯ್ತು ಬಿಡು, ಒಂದು ಬಾಟಲಿ ಶೋಚು ಉಳೀತು" ಎನ್ನುತ್ತಿದ್ದರು.

ಒಂದು ವಿಷಯ ನಿಮಗೆ ತಿಳಿಸಲೇಬೇಕು. ಪೂಜೆಯ ಮಾರನೆಯ ದಿನ ನಮ್ಮ ಬೆಳ್ಗಣ್ಣ ಹಕ್ಕಿ ಯಾಮಾಬಿಕೊನ ಪಂಜರದ ಬಾಗಿಲು ತೆಗೆದುಬಿಟ್ಟೆ. ಆಸ್ಪತ್ರೆಯಲ್ಲಿ ಅವರು ಹೇಳಿದ ಕೊನೆಯ ಮಾತುಗಳಲ್ಲಿ ಅದೂ ಒಂದು. "ನಾನು ಹೋದ್ಮೇಲೆ ಅದನ್ನ ಬಿಟ್ಬಿಡು." ಬಾಗಿಲು ತೆರೆದಿಟ್ಟು ಒಳಗೆ ಬಂದು ಕೂತೆ. ಅದು ಹೋಗಲಿಲ್ಲ. ಕಡ್ಡಿಯ ಮೇಲೆ ಕೂತು ಬಾಗಿಲನ್ನೇ ನೋಡುತ್ತಿತ್ತು. ಎಂದಿನಂತೆ ಹುರಿದ ಮೀನಿನ ಪುಡಿ, ತೌಡು, ಸೊಪ್ಪು ಅರೆದು ಬಟ್ಟಲಲ್ಲಿ ಇಟ್ಟೆ. ತಿಂದಿತು. ಒಣಗಿದ ಬಟ್ಟೆ ಮಡಚಿಟ್ಟು ಬರುವಷ್ಟರಲ್ಲಿ ಪಂಜರ ಖಾಲಿಯಾಗಿತ್ತು. ಹೋಗುವುದನ್ನು ನಾನು ನೋಡಲಿಲ್ಲ. ತೊಕಿಜಿ ಹೋದದ್ದೂ ಹಾಗೆಯೇ, ನಾನು ಬಿಸಿನೀರು ತರಲು ಹೋಗಿದ್ದಾಗ.

ಪಂಜರ ಇನ್ನೂ ಸೂರಿನ ಕೆಳಗೆ ತೂಗುತ್ತಿದೆ. ಇಳಿಸಲು ಕೈ ಬರುತ್ತಿಲ್ಲ. ಈ ವಾರವೆಲ್ಲ ಜ್ವಾಲಾಮುಖಿ ಬೆಟ್ಟ ಬೂದಿ ಉಗುಳಿ, ಅದರ ಕಡ್ಡಿಗಳ ಮೇಲೂ ಬೂದಿ ಕೂತಿದೆ. ಹಸಿದು ಬಂದರೆ ತಿನ್ನಲಿ ಎಂದು ಅಂಗಳದ ಉಮೆ ಮರದ ಕೊಂಬೆಗೆ ಅರ್ಧ ಕಿತ್ತಳೆ ಚುಚ್ಚಿಟ್ಟಿದ್ದೇನೆ. ಕಾಲಲ್ಲಿ ಸಾಕುವ ಪರವಾನಗಿಯ ಉಂಗುರ ಇರುವುದರಿಂದ ಬಂದರೆ ಗುರುತು ಸಿಗುತ್ತದೆ. ಆದರೆ ಬರುತ್ತಿರುವುದು ಪಿಕಳಾರಗಳು. ಕೂಗಾಡಿ, ಸಿಪ್ಪೆಯೊಂದನ್ನು ಬಿಟ್ಟು ಎಲ್ಲವನ್ನೂ ಮುಗಿಸಿ ಹೋಗುತ್ತವೆ. ಇದಕ್ಕೆ ಏನು ಮಾಡಬೇಕು? ಹಕ್ಕಿಯ ವಿಷಯ ಕೇಳಲು ಈಗ ನೀವಲ್ಲದೆ ನನಗೆ ಯಾರೂ ಇಲ್ಲ.

ಚಳಿ ಶುರುವಾಗಿದೆ. ಮೊಣಕಾಲನ್ನು ಬೆಚ್ಚಗೆ ಇಟ್ಟುಕೊಳ್ಳಿ.

ಸೊಗಾಬೆ ಇಟ್ಸುಯೊ


ಕಾಗೊಶಿಮಾ
ನವೆಂಬರ್ ೧೫

ಇಟ್ಸುಯೊ ಸಾನ್,

ನಿಮ್ಮ ಕಾಗದ ಓದಿ ಸಿಟ್ಟು ಬಂದು ಅದನ್ನು ಮೇಜಿನ ಡ್ರಾಯರಿಗೆ ತಳ್ಳಿದ್ದೆ. ಇವತ್ತು ತಣ್ಣಗಾಗಿ ಬರೆಯುತ್ತಿದ್ದೇನೆ.

ನೀವು ಅದನ್ನು ಬಿಡಲಿಲ್ಲ, ಕೊಂದಿರಿ. ಒಂಬತ್ತು ವರ್ಷ ಬಟ್ಟಲಿನಿಂದ ತಿಂದ ಹಕ್ಕಿಗೆ ಈ ವಯಸ್ಸಿನಲ್ಲಿ ಹುಳ ಹುಡುಕುವುದನ್ನು ಯಾರು ಹೇಳಿಕೊಡುತ್ತಾರೆ? ಗಿಡುಗನ ನೆರಳು ಹೇಗಿರುತ್ತದೆಂದೂ ಅದಕ್ಕೆ ಗೊತ್ತಿಲ್ಲ. ಇಡೀ ಓಸುಮಿ ಸೀಮೆಯಲ್ಲಿ ಅದರಷ್ಟು ಉದ್ದಕ್ಕೆ ಹಾಡುವ ಬೆಳ್ಗಣ್ಣ ಇನ್ನೊಂದಿರಲಿಲ್ಲ. ಯಾಮಾಬಿಕೊ, ಬೆಟ್ಟದ ಮರುದನಿ ಎಂದು ಹೆಸರಿಟ್ಟವನು ನಾನು. ಹಾಡಿನ ಪಂದ್ಯದಲ್ಲಿ ಉಳಿದವು ಹಾಡು ಮುಗಿಸಿ ಕೊಕ್ಕು ಮುಚ್ಚುವಾಗ ಅದು ಇನ್ನೊಂದು ಸುತ್ತು ಮೇಲೇರಿಸಿ, ಅಲ್ಲೇ ಸ್ವಲ್ಪ ನಿಲ್ಲಿಸಿ, ಆಮೇಲೆ ಕೈಬಿಡುತ್ತಿತ್ತು. ಆ ನಿಲುಗಡೆಗೆ ತೊಕಿ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ನನಗೊಂದು ಮಾತು ಹೇಳಿದ್ದರೆ ಆಗಲೇ ಹಡಗು ಹತ್ತಿ ಬಂದು ತೆಗೆದುಕೊಂಡು ಹೋಗುತ್ತಿದ್ದೆ.

ಆಗಿದ್ದು ಆಯಿತು. ಕಿತ್ತಳೆಯ ವಿಷಯಕ್ಕೆ ಬರುತ್ತೇನೆ.

ಹಣ್ಣನ್ನು ಅಡ್ಡಲಾಗಿ ಕತ್ತರಿಸಿ, ತೊಳೆಗಳೆಲ್ಲ ಬಾಯಿ ತೆರೆದಂತೆ ಕಾಣಬೇಕು. ಗೇಣುದ್ದದ ತಂತಿ ಬುಟ್ಟಿಯೊಳಗೆ ಇಡಿ. ಬೆಳ್ಗಣ್ಣ ಮಾತ್ರ ನುಸುಳುವಷ್ಟು ಕಿಂಡಿ ಇದ್ದರೆ ಪಿಕಳಾರ ಹೊರಗೆ ಕೂತು ಬೈದು ಹೋಗುತ್ತದೆ. ಬೂದಿ ಬಿದ್ದ ಹಣ್ಣನ್ನು ಅವು ಮುಟ್ಟುವುದಿಲ್ಲ, ಬೆಳಿಗ್ಗೆ ಒರೆಸಿಡಿ. ಅಗಲದ ಬಟ್ಟಲಲ್ಲಿ ಬೆರಳಿನ ಒಂದು ಗೆಣ್ಣು ಮುಳುಗುವಷ್ಟು ನೀರು ಸಾಕು. ಬೆಕ್ಕು ಬಂದರೆ ಹಾರಿ ಅಡಗಲು ಪಕ್ಕದಲ್ಲಿ ತ್ಸುಬಾಕಿ ಪೊದೆ ಹೇಗೂ ಇದೆ.

ಇನ್ನೊಂದು ಮಾತು. ಬರಲು ಶುರುಮಾಡಿದ ಮೇಲೆ ಬುಟ್ಟಿಯನ್ನು ಜಗಲಿಯ ಕಡೆಗೆ ಸ್ವಲ್ಪ ಸ್ವಲ್ಪವೇ ತನ್ನಿ, ಅವಸರ ಬೇಡ. ನೀವು ದಿನವೂ ಒಂದೇ ಬಟ್ಟೆಯಲ್ಲಿ ಒಂದೇ ಜಾಗದಲ್ಲಿ ಕೂರಿ. ಅವಕ್ಕೆ ಮುಖ ಗೊತ್ತಾಗುವುದಿಲ್ಲ, ಬಟ್ಟೆ ಗೊತ್ತಾಗುತ್ತದೆ. ಚಳಿಗಾಲ ಮುಗಿಯುವುದರೊಳಗೆ ನಿಮ್ಮ ಮಂಡಿಯ ಹತ್ತಿರ ಬಂದು ತಿನ್ನುತ್ತವೆ. ಮನೆಯಲ್ಲಿ ಒಬ್ಬರೇ ಇರುವವರಿಗೆ ಅದು ಒಳ್ಳೆಯದು.

ಕುಬೊಜೊನೊ ರಿಸಾಕು


ತಾರುಮಿಜು
ಡಿಸೆಂಬರ್ ೧೩

ರಿಸಾಕು ಸಾನ್ ಅವರಿಗೆ,

ಬಂದವು. ಯಾಮಾಬಿಕೊ ಅಲ್ಲ, ಕಾಡಿನವು. ಕಾಲಲ್ಲಿ ಉಂಗುರವಿಲ್ಲ. ಯಾವಾಗಲೂ ಜೋಡಿಯಾಗಿಯೇ ಬರುತ್ತವೆ. ಒಂದು ಬುಟ್ಟಿಯೊಳಗೆ ನುಗ್ಗಿ ತಿನ್ನುವಾಗ ಇನ್ನೊಂದು ಹೊರಗೆ ಕೂತು ಕಾಯುತ್ತದೆ. ಆಮೇಲೆ ಸರದಿ ಬದಲಾಗುತ್ತದೆ. ತಿಂದು ಮುಗಿದ ಮೇಲೆ ಒಂದೇ ಕೊಂಬೆಯಲ್ಲಿ ಒತ್ತಿಕೊಂಡು ಕೂರುತ್ತವೆ, ನಡುವೆ ಒಂದು ಎಲೆ ಹಿಡಿಸುವಷ್ಟೂ ಜಾಗವಿರುವುದಿಲ್ಲ.

ಒಂದೇ ಬಟ್ಟೆಯಲ್ಲಿ ಕೂರಲು ಹೇಳಿದ್ದಿರಿ. ತೊಕಿಜಿಯ ಕಂದು ಹಾಂತೆನ್ ಇತ್ತಲ್ಲ, ಹತ್ತಿ ತುಂಬಿದ ಮೇಲಂಗಿ, ಮೊಣಕೈಗೆ ನಾನು ತೇಪೆ ಹಾಕಿದ್ದು, ಅದನ್ನೇ ಹಾಕಿಕೊಂಡು ಅವರು ಕೂರುತ್ತಿದ್ದ ಜಾಗದಲ್ಲೇ ಕೂರುತ್ತೇನೆ. ತೋಳು ಉದ್ದವಾಗಿ ಕೈ ಪೂರ್ತಿ ಒಳಗೆ ಹೋಗುತ್ತದೆ. ಬೆಚ್ಚಗಿರುತ್ತದೆ. ಅಂಗಿಯಲ್ಲಿ ಅವರ ಸಿಗರೇಟಿನ ವಾಸನೆ ಇನ್ನೂ ಇದೆ.

ಮೊನ್ನೆ ಪಕ್ಕದ ಮನೆಯ ನೋಬು ಬೇಲಿಯ ಆಚೆಯಿಂದ ಕಿರುಚಿದಳು. "ಅಯ್ಯೋ ಇಟ್ಸು ಚಾನ್, ನೀನಾ! ತೊಕಿಜಿ ಸಾನೇ ಎದ್ದು ಬಂದು ಕೂತಿದಾರೇನೋ ಅಂತ ಎದೆ ಹೊಡ್ಕೊಳ್ತಾ ಇದೆ ನಂಗೆ."

"ಮೆತ್ತಗೆ ಮಾತಾಡೇ, ಹಾರಿಹೋಗ್ತವೆ" ಎಂದೆ.

"ಹಕ್ಕಿಗೆ ಕಿತ್ತಳೆ, ನಿಂಗೆ ಬರೀ ಉಪ್ಪಿನಕಾಯಿ ಅನ್ನ. ಕನ್ನಡಿ ನೋಡ್ಕೊಂಡಿದೀಯಾ? ನಿನ್ನ ಕಣ್ಣಿನ ಸುತ್ತಾನೂ ಅವುಗಳ ಥರ ಬಿಳೀ ಸುತ್ತು ಬಂದಿದೆ. ಇನ್ನು ನೀನೂ ಕೊಂಬೆ ಮೇಲೆ ಕೂತ್ಕೋ, ಅರ್ಧ ಹಣ್ಣು ನಾನೇ ಇಡ್ತೀನಿ."

ತೊಕಿಜಿ ಹೋದ ಮೇಲೆ ನಾನು ನಕ್ಕದ್ದು ಅದೇ ಮೊದಲು. ಹಕ್ಕಿಗಳು ಹಾರಲಿಲ್ಲ.

ಈ ಜೋಡಿಯನ್ನು ನೋಡುತ್ತಿದ್ದರೆ ಹಿಂದಿನದೊಂದು ನೆನಪಾಗುತ್ತದೆ. ಯಾಮಾಬಿಕೊ ನಮ್ಮ ಮನೆಗೆ ಬಂದ ವರ್ಷ ಇದೇ ತ್ಸುಬಾಕಿಯಲ್ಲಿ ಬೆಳ್ಗಣ್ಣಗಳು ಗೂಡು ಕಟ್ಟಿದ್ದವು. ಮುಷ್ಟಿಯಷ್ಟೂ ಇಲ್ಲದ ಗೂಡು, ಪಾಚಿಯನ್ನು ಜೇಡನ ನೂಲಿನಿಂದ ಹೊಲಿದಿದ್ದವು. ಅಮ್ಮನಿಗೆ ಹುಷಾರಿಲ್ಲವೆಂದು ತವರಿಗೆ ಹೋಗಿ ಬರುವಷ್ಟರಲ್ಲಿ ಮರಿಗಳು ಗೂಡಿನಲ್ಲೇ ಒಣಗಿಹೋಗಿದ್ದವು. ಕಾಗೆ ದೊಡ್ಡ ಹಕ್ಕಿಗಳನ್ನು ಹೊತ್ತುಕೊಂಡು ಹೋಯಿತು ಎಂದರು ತೊಕಿಜಿ. ನಾನು ಊಟ ಬಿಟ್ಟು ಕೂತಿದ್ದೆ. ನನ್ನ ಬೇಸರ ಕಳೆಯಲಿ ಎಂದೇ ಅವರು ಯಾಮಾಬಿಕೊನ ತಂದದ್ದು. ಬಾಯಿಬಿಟ್ಟು ಸಮಾಧಾನ ಹೇಳುವವರಲ್ಲ ಅವರು, ನಿಮಗೇ ಗೊತ್ತಲ್ಲ.

ಈ ಸಲ ಕಾಗೆ ಬಂದರೆ ನಾನು ಇಲ್ಲೇ ಇರುತ್ತೇನೆ.

ಇಟ್ಸುಯೊ


ಕಾಗೊಶಿಮಾ
ಜನವರಿ ೧೦

ಇಟ್ಸುಯೊ ಸಾನ್,

ಸೂತಕದ ಮನೆಗೆ ಹೊಸ ವರ್ಷದ ಶುಭಾಶಯ ಬರೆಯುವ ಹಾಗಿಲ್ಲ. ಆದ್ದರಿಂದ ಚಳಿ ಹೇಗಿದೆ ಎಂದು ವಿಚಾರಿಸುವ ಕಾಗದ ಇದು ಎಂದುಕೊಳ್ಳಿ.

ನನ್ನದು ಎಂದಿನಂತೆ ಏಳನೆಯ ಮಹಡಿ. ಮಗಳು ಒಳ್ಳೆಯವಳೇ, ಹೊತ್ತು ಹೊತ್ತಿಗೆ ಊಟ ಹಾಕುತ್ತಾಳೆ. ಈ ಕಟ್ಟಡದಲ್ಲಿ ಪ್ರಾಣಿ, ಪಕ್ಷಿ ಯಾವುದನ್ನೂ ಸಾಕುವ ಹಾಗಿಲ್ಲ. ಪಾರಿವಾಳ ಬರಬಾರದೆಂದು ಬಾಲ್ಕನಿಗೆ ನೀಲಿ ಬಲೆ ಕಟ್ಟಿದ್ದಾರೆ. ನಾನು ಬಲೆಯ ಒಳಗೆ ಕೂತು ಹೊರಗಿನ ಪಾರಿವಾಳಗಳನ್ನು ನೋಡುತ್ತೇನೆ. "ಅಪ್ಪಾ, ಇಡೀ ದಿನ ಅಲ್ಲೇನು ನೋಡ್ತೀಯಾ?" ಎಂದು ಕೇಳುತ್ತಾಳೆ. ಏನೆಂದು ಹೇಳಲಿ? ನನ್ನ ಕೊನೆಯ ಹಕ್ಕಿ ಸತ್ತು ಎರಡು ವರ್ಷವಾಯಿತು. ಹೊಸದಕ್ಕೆ ಪರವಾನಗಿ ಇನ್ನು ಯಾರಿಗೂ ಸಿಗುವುದಿಲ್ಲ. ನಲವತ್ತು ವರ್ಷ ಮುಂಜಾವಿಗೆ ಆ ದನಿ ಕೇಳಿ ಎದ್ದವನು ಈಗ ಲಿಫ್ಟಿನ ಗಂಟೆ ಕೇಳಿ ಏಳುತ್ತಿದ್ದೇನೆ.

ತೊಕಿ ಇದ್ದಾಗ ಫೋನಿನಲ್ಲಾದರೂ ಯಾಮಾಬಿಕೊನ ಕೇಳಿಸುತ್ತಿದ್ದ. ಪಂಜರದ ಹತ್ತಿರ ಫೋನು ಹಿಡಿದು "ಕೇಳೋ ಮುದುಕಾ, ಬಿಟ್ಟಿ ಕಚೇರಿ" ಎನ್ನುತ್ತಿದ್ದ.

ನಿಮ್ಮ ಜೋಡಿ ಈಗ ಎಷ್ಟು ಹತ್ತಿರ ಬಂದಿದೆ? ಉಮೆ ಹೂ ಬಿಡುವಾಗ ಗಂಡು ಹಾಡಲು ಶುರುಮಾಡುತ್ತದೆ. ಕಿವಿಗೊಟ್ಟು ಕೇಳಿ. ಉದ್ದಕ್ಕೆ ಹಾಡಿದರೆ ಕೊನೆ ಹೇಗಿದೆ ಎಂದು ನನಗೆ ಬರೆಯಿರಿ. ಎಲ್ಲ ಹಕ್ಕಿಯೂ ಒಂದೇ ರೀತಿ ಶುರುಮಾಡುತ್ತದೆ, ಮುಗಿಸುವುದರಲ್ಲೇ ಇರುವುದು.

ರಿಸಾಕು


ತಾರುಮಿಜು
ಮಾರ್ಚ್ ೩

ರಿಸಾಕು ಸಾನ್ ಅವರಿಗೆ,

ಇದನ್ನು ಹೇಗೆ ಬರೆಯಬೇಕೋ ತಿಳಿಯುತ್ತಿಲ್ಲ. ಇವತ್ತು ಬೆಳಿಗ್ಗೆ ಅಡುಗೆಮನೆಯಲ್ಲಿ ಅಕ್ಕಿ ತೊಳೆಯುತ್ತಿದ್ದೆ. ಸೂರಿನ ಕೆಳಗಿನ ಪಂಜರದಿಂದ ಯಾಮಾಬಿಕೊ ಹಾಡಿತು. "ಬಂದೆ, ಬಂದೆ, ಬಟ್ಟಲು ತರ್ತೀನಿ" ಎಂದು ಗಟ್ಟಿಯಾಗಿಯೇ ಹೇಳಿಬಿಟ್ಟೆ. ಓಡಿಬಂದು ನೋಡಿದರೆ ಪಂಜರ ಖಾಲಿ. ಹಾಡು ಉಮೆ ಮರದಿಂದ ಬರುತ್ತಿತ್ತು.

ನಮ್ಮ ಗಂಡುಹಕ್ಕಿ. ಉಂಗುರವಿಲ್ಲದ್ದು, ದಿನವೂ ಕಿತ್ತಳೆ ತಿನ್ನುವುದು. ಹಾಡೆಲ್ಲ ಮುಗಿಯಿತು ಎನ್ನುವಾಗ ಇನ್ನೊಂದು ಸುತ್ತು ಮೇಲೇರಿಸಿತು. ಅಲ್ಲೇ ನಿಲ್ಲಿಸಿತು. ಆಮೇಲೆ ಕೈಬಿಟ್ಟಿತು. ನೀವು ಬರೆದ ಹಾಗೆಯೇ. ನಾನು ಅಕ್ಕಿಯ ಕೈಯಲ್ಲೇ ನಿಂತುಬಿಟ್ಟೆ.

ನೋಬುವಿಗೂ ಕೇಳಿಸಿತು. ಒಗೆಯುವುದನ್ನು ಬಿಟ್ಟು ಬೇಲಿಗೆ ಬಂದಳು. "ಲೇ, ನಿನ್ನ ಗಂಡನ ಹಕ್ಕಿ ವಾಪಸ್ ಬಂತಲ್ಲೇ!" ಅಲ್ಲ, ಇದು ಬೇರೆಯದು ಎಂದೆ. "ಬೇರೆಯದಾದ್ರೆ ಅದೇ ಪಾಠ ಹೆಂಗೆ ಒಪ್ಪಿಸುತ್ತೆ?" ಎಂದಳು. ನಾನು ಮಧ್ಯಾಹ್ನವೆಲ್ಲ ಅದನ್ನೇ ಯೋಚಿಸಿದೆ. ಯಾಮಾಬಿಕೊನ ವಸಂತದಲ್ಲಿ ಸೂರಿಗೆ ತೂಗುಹಾಕುತ್ತಿದ್ದೆವಲ್ಲ. ಹೋದ ವರ್ಷದ ಮರಿ ಇದು, ಪೊದೆಯಲ್ಲಿ ಕೂತು ಕೇಳಿ ಕಲಿತಿರಬೇಕು. ಹಾಗೆ ಆಗುತ್ತದೆಯೇ? ನಿಮಗೆ ಗೊತ್ತಿರುತ್ತದೆ.

ತೊಕಿಜಿ ಸತ್ತ ಮೇಲೆ ಮನೆಯಲ್ಲಿ ಅವರದ್ದು ಏನೂ ಉಳಿಯಲಿಲ್ಲ ಎಂದುಕೊಂಡಿದ್ದೆ. ಬಟ್ಟೆ, ಬೂಟು, ಗಾಳ, ಎಲ್ಲ ಇವೆ, ಆದರೆ ಅವು ಸುಮ್ಮನೆ ಇವೆ. ಇದು ಹಾಗಲ್ಲ. ಈಗ ನಾನು ಜಗಲಿಯಲ್ಲೇ ಊಟ ಮಾಡುತ್ತೇನೆ. ಅದು ಹಾಂತೆನ್ನಿನ ತೋಳಿನ ಹತ್ತಿರಕ್ಕೇ ಬರುತ್ತದೆ. ಇದೊಂದು ಇದ್ದರೆ ಸಾಕು, ನಾನು ಹೇಗೋ ಇರಬಲ್ಲೆ.

ಮೊಣಕಾಲು ಒಪ್ಪಿದರೆ ಒಮ್ಮೆ ಬಂದು ಕೇಳಿ. ನನ್ನೊಬ್ಬಳ ಕಿವಿಗೆ ಇದು ಹೆಚ್ಚಾಯಿತು.

ಇಟ್ಸುಯೊ


ಕಾಗೊಶಿಮಾ
ಮಾರ್ಚ್ ೭

ಇಟ್ಸುಯೊ ಸಾನ್,

ಹಾಗೆ ಆಗುತ್ತದೆ. ಮರಿಗಳು ಕೇಳಿಯೇ ಕಲಿಯುವುದು.

ಎಷ್ಟು ಹೊತ್ತಿಗೆ ಬರುತ್ತದೆ? ಹಾಡುವ ಮೊದಲು ತಿನ್ನುತ್ತದೆಯೋ, ತಿಂದ ಮೇಲೆ ಹಾಡುತ್ತದೆಯೋ? ಮೊದಲು ಕೂರುವುದು ಯಾವ ಕೊಂಬೆಯಲ್ಲಿ?

ಈ ಬುಧವಾರವಲ್ಲ, ಮುಂದಿನ ಬುಧವಾರ ಮೊದಲ ಹಡಗಿಗೆ ಬರುತ್ತೇನೆ. ಬಂದರಿನ ಹತ್ತಿರ ಬಸ್ಸು ಸಿಗುತ್ತದೆ, ಕಾಯಬೇಡಿ. ಅಂದು ಬೆಳಿಗ್ಗೆ ಕಿತ್ತಳೆ ಇಡಬೇಡಿ. ಬೇಗ ಹೊಟ್ಟೆ ತುಂಬಿದರೆ ನಾನು ಬರುವಷ್ಟರಲ್ಲಿ ಹೊರಟುಹೋಗುತ್ತದೆ.

ರಿಸಾಕು


ಕಾಗೊಶಿಮಾ
ಮಾರ್ಚ್ ೧೯

ಇಟ್ಸುಯೊ ಸಾನ್ ಅವರಿಗೆ,

ಮೊನ್ನೆ ತಾವು ಮಾಡಿದ ಆದರಕ್ಕೆ ಕೃತಜ್ಞ. ಕಾಂಪಾಚಿ ಮೀನು ತುಂಬ ರುಚಿಯಾಗಿತ್ತು. ತೊಕಿಜಿಯ ಫೋಟೋದ ಮುಂದೆ ಕೂತು ಕೈಮುಗಿದು ಬಂದದ್ದರಿಂದ ಮನಸ್ಸು ಹಗುರವಾಯಿತು. ತಮ್ಮ ಆರೋಗ್ಯ ಚೆನ್ನಾಗಿರಲಿ.

ಕುಬೊಜೊನೊ ರಿಸಾಕು


ತಾರುಮಿಜು
ಏಪ್ರಿಲ್ ೨

ರಿಸಾಕು ಸಾನ್ ಅವರಿಗೆ,

ನೀವು ಹೋದ ಮಾರನೆಯ ದಿನದಿಂದ ಹಾಡು ಇಲ್ಲ. ಹೆಣ್ಣುಹಕ್ಕಿ ಒಂದೇ ಬರುತ್ತದೆ. ಬುಟ್ಟಿಯೊಳಗೆ ಹೋಗುವುದಿಲ್ಲ. ಹೊರಗೆ ತನ್ನ ಜಾಗದಲ್ಲಿ ಕೂತು ಕಾಯುತ್ತದೆ, ಆಮೇಲೆ ಹೋಗುತ್ತದೆ. ಬೆಕ್ಕು ಇರಬಹುದು ಎಂದು ಪೊದೆಯ ಬುಡದಲ್ಲೆಲ್ಲ ಹುಡುಕಿದೆ. ಗಿಡುಗ ಇರಬಹುದು ಎಂದುಕೊಂಡೆ. ಇಷ್ಟು ದಿನ ನಿಮಗೆ ಬರೆಯದೆ ಇದ್ದದ್ದು ನಿಮಗೂ ಬೇಸರವಾದೀತು ಎಂದು.

ಬಿಸಿಲು ಬಂದಿತೆಂದು ನಿನ್ನೆ ಹಾಂತೆನ್ ತೊಳೆಯಲು ತೆಗೆದೆ. ಬಲತೋಳಿನ ಅಂಚು ಒಂದಕ್ಕೊಂದು ಅಂಟಿಕೊಂಡಿತ್ತು. ನೀರಿಗೆ ಬಿಡಲಿಲ್ಲ, ಸಾಬೂನಿಗೂ ಬಿಡಲಿಲ್ಲ. ಆಗ ನನ್ನ ಕೈ ತಾನಾಗಿಯೇ ಎಣ್ಣೆಯ ಸೀಸೆಗೆ ಹೋಯಿತು. ಮದುವೆಯಾದ ಹೊಸತರಲ್ಲಿ, ಹಿಡಿಯಲು ಇನ್ನೂ ಪರವಾನಗಿ ಸಿಗುತ್ತಿದ್ದ ಕಾಲದಲ್ಲಿ, ನೀವಿಬ್ಬರೂ ಬೆಟ್ಟಕ್ಕೆ ಹೋಗಿ ಬಂದಾಗಲೆಲ್ಲ ತೊಕಿಜಿಯ ತೋಳಿನಿಂದ ಇದೇ ಅಂಟನ್ನು ಎಣ್ಣೆ ಹಚ್ಚಿ ಬಿಡಿಸಿದವಳು ನಾನು. ಮರದ ತೊಗಟೆ ಜಜ್ಜಿ ಮಾಡಿದ, ಹಕ್ಕಿ ಹಿಡಿಯಲು ಕೋಲಿಗೆ ಬಳಿಯುವ ಹಕ್ಕಿಯಂಟು. ಮಡಿಕೆ ಬಿಚ್ಚಿದಾಗ ಒಳಗೆ ಹಳದಿ ಹಸಿರಿನ ಒಂದು ಗರಿ ಇತ್ತು.

ಆಮೇಲೆ ಒಂದೊಂದಾಗಿ ಎಲ್ಲವೂ ನೆನಪಾಯಿತು. ನಿಮಗೆ ಚಳಿ ಎಂದಿರಿ, ನಾನೇ ಅದನ್ನು ಹೊದಿಸಿದೆ. ಬಂದರಿನ ಕಾಂಪಾಚಿ ತಿನ್ನದೆ ವರ್ಷವಾಯಿತು ಎಂದಿರಿ, ನಾನು ಸೈಕಲ್ ತೆಗೆದುಕೊಂಡು ಹೊರಟೆ. ಬಟ್ಟೆಯಲ್ಲಿ ಸುತ್ತಿದ ಚೌಕದ ಗಂಟೊಂದನ್ನು ತಂದಿದ್ದಿರಿ, ಮಗಳು ಕಟ್ಟಿಕೊಟ್ಟ ತಿಂಡಿ ಎಂದಿರಿ. ಆ ತಿಂಡಿಯನ್ನು ನಾವು ತಿನ್ನಲೇ ಇಲ್ಲ. ಹೋಗುವಾಗ ಆ ಗಂಟನ್ನು ನೀವು ಕೈಯಲ್ಲಿ ಹಿಡಿದಿರಲಿಲ್ಲ, ಎದೆಗೆ ಅವಚಿಕೊಂಡಿದ್ದಿರಿ.

ನೋಬುವನ್ನು ಕೇಳಿದೆ. ಅವಳು ಹೇಳಿದ್ದು ಇಷ್ಟು. "ಅವತ್ತು ನೀನು ಅಂಗಿ ಹಾಕ್ಕೊಂಡು ಉಮೆ ಮರದ ಹತ್ರ ನಿಂತಿದ್ದೆ, ಕೈಲಿ ಕೋಲಿತ್ತು. ಹಕ್ಕಿ ಬಂದು ಪಕ್ಕದಲ್ಲೇ ಕೂತ್ಕೊಂತು. 'ಇಟ್ಸು ಚಾನ್' ಅಂತ ಕೂಗಿದೆ, ನೀನು ತಿರುಗ್ಲೇ ಇಲ್ಲ. ಹೋಗ್ಲಿ, ಅಳ್ತಾ ಇದೀಯೇನೋ ಅಂತ ಸುಮ್ಮನಾದೆ."

ಅದು ಹೆದರಲಿಲ್ಲ. ನಾನು ಬಂದೆ ಎಂದುಕೊಂಡಿತು.

ಆಸ್ಪತ್ರೆಯಲ್ಲಿ ತೊಕಿಜಿ ಇನ್ನೊಂದು ಮಾತನ್ನೂ ಹೇಳಿದ್ದರು. ನಿಮಗೆ ನೋವಾಗಬಾರದೆಂದು ನಾನು ಬರೆದಿರಲಿಲ್ಲ. "ರಿಸಾಕು ಕೇಳ್ತಾನೆ. ಕೊಡಬೇಡ." ಕಾಯಿಲೆಯವರ ಸಣ್ಣತನ ಎಂದು ನಾನು ಅವರನ್ನೇ ಮನಸ್ಸಿನಲ್ಲಿ ಬೈದುಕೊಂಡಿದ್ದೆ.

ಯಾರಿಗೂ ಹೇಳುವುದಿಲ್ಲ, ಏನೂ ಕೇಳುವುದಿಲ್ಲ. ಅದನ್ನು ತಂದು ಮರದ ಕೆಳಗೆ ಬಿಟ್ಟುಹೋಗಿ. ನೀವು ಬರುವಾಗ ನಾನು ಮನೆಯೊಳಗೇ ಇರುತ್ತೇನೆ.

ಸೊಗಾಬೆ ಇಟ್ಸುಯೊ


ಕಾಗೊಶಿಮಾ
ಏಪ್ರಿಲ್ ೧೦

ಇಟ್ಸುಯೊ ಸಾನ್,

ಹೌದು, ನಾನೇ. ಇಲ್ಲ ಎಂದು ಸುಳ್ಳು ಹೇಳುವ ವಯಸ್ಸಲ್ಲ.

ಆದರೆ ನನ್ನನ್ನು ಕಳ್ಳ ಎನ್ನುವ ಮೊದಲು ಒಂದು ವಿಷಯ ಕೇಳಿ. ಯಾಮಾಬಿಕೊ ಎಲ್ಲಿಂದ ಬಂತು ಎಂದುಕೊಂಡಿದ್ದೀರಿ? ತಾಕಾಕುಮಾ ಬೆಟ್ಟದ ಆಚೆಯವನೊಬ್ಬ ಕೊಟ್ಟ ಎಂದು ತೊಕಿ ನಿಮಗೆ ಹೇಳಿದ್ದ. ಯಾರೂ ಕೊಡಲಿಲ್ಲ. ನಿಮ್ಮದೇ ಉಮೆ ಮರದಲ್ಲಿ ಹಿಡಿದದ್ದು, ನೀವು ತವರಿಗೆ ಹೋಗಿದ್ದಾಗ. ಕೋಲು ಹಿಡಿದವನು ತೊಕಿ, ಪಂಜರ ಹಿಡಿದವನು ನಾನು. ಆ ಗೂಡಿನ ಗಂಡು ಅದೇ. ಹೆಣ್ಣೂ ಆಮೇಲೆ ಬರಲಿಲ್ಲ, ಕೋಲಿನ ಅಂಟು ಅದಕ್ಕೂ ತಗುಲಿತ್ತು. "ಮರಿಗಳು ಏನಾಗ್ತವೋ?" ಎಂದು ನಾನು ಕೇಳಿದೆ. "ಇಂಥ ಹಾಡು ಇನ್ನೊಂದ್ಸಲ ಸಿಗಲ್ಲ ಕಣೋ" ಎಂದ ತೊಕಿ. ಅವನು ಕಾಗೆಯ ಕಥೆ ಕಟ್ಟಿದ, ನೀವು ಕಾಗೆಯನ್ನು ಬೈದಿರಿ.

ನಾನು ಕೇಳಿದರೆ ಕೊಡಬೇಡ ಎಂದನಂತೆ. ಅವನಿಗೆ ನನ್ನ ಮೇಲೆ ಅನುಮಾನವಲ್ಲ. ತನ್ನನ್ನು ತಾನು ಬಲ್ಲವನಾದ್ದರಿಂದ ನನ್ನನ್ನೂ ಬಲ್ಲ.

ನೀವೇನು ಮಾಡಿದಿರಿ? ಒಂಬತ್ತು ವರ್ಷ ಅದಕ್ಕೆ ಅರೆದು ಹಾಕಿದಿರಿ. ಈಗ ಕಿತ್ತಳೆ ಇಟ್ಟು ಕಾಡಿನದನ್ನು ಮಡಿಲಿಗೆ ಕರೆದಿರಿ. ಯಾರಿಗಾಗಿ, ಹಕ್ಕಿಗಾಗಿಯೇ? ನಿಮಗೂ ಆ ದನಿ ಬೇಕಿತ್ತು, ನನಗೂ ಬೇಕಿತ್ತು. ನಿಮಗೆ ಅಂಗಳ ಇದೆ. ನನಗೆ ನೀಲಿ ಬಲೆ.

ಹಕ್ಕಿ ಹಾಡುತ್ತಿಲ್ಲ. ಹಳೆಯ ಗೆಳೆಯರು ಕೆಲವರು ಗುಟ್ಟಾಗಿ ಸೇರುವ ಕಡೆಗೆ ಒಯ್ದಿದ್ದೆ. ಯಾಮಾಬಿಕೊನ ದನಿ ಕೇಳಿಸುತ್ತೇನೆ ಎಂದು ಎಲ್ಲರಿಗೂ ಹೇಳಿದ್ದೆ. ಕಡ್ಡಿಗೆ ಹಣೆ ಬಡಿದುಕೊಂಡಿತೇ ಹೊರತು ಒಂದು ಸ್ವರ ಎತ್ತಲಿಲ್ಲ. "ಏನಪ್ಪಾ ರಿಸಾಕು, ಮೂಗಹಕ್ಕಿ ತಂದಿದೀಯಲ್ಲ" ಎಂದು ನಕ್ಕರು. ಯಾಮಾಬಿಕೊಗೂ ಒಗ್ಗಿಕೊಳ್ಳಲು ಒಂದು ತಿಂಗಳು ಬೇಕಾಯಿತು. ಒಗ್ಗಿದ ಮೇಲೆ ಹಾಡುತ್ತದೆ. ಹಾಡಿದ ಮೇಲೆ ತಂದು ಬಿಡುತ್ತೇನೆ. ಒಮ್ಮೆ ಕೇಳಿದರೆ ಸಾಕು ನನಗೆ.

ರಿಸಾಕು


ಕಾಗೊಶಿಮಾ
ಮೇ ೪

ಇಟ್ಸುಯೊ ಸಾನ್,

ಅದು ಹೋಯಿತು. ಕೊನೆಗೆ ಬಟ್ಟಲಿನದನ್ನು ಮುಟ್ಟುವುದನ್ನೂ ಬಿಟ್ಟಿತು. ಕಿತ್ತಳೆ ಕತ್ತರಿಸಿ ಇಟ್ಟೆ, ಅದರ ಕಡೆಗೂ ನೋಡಲಿಲ್ಲ. ಬಾಲ್ಕನಿಯ ಹೂಕುಂಡದಲ್ಲಿ ಮಣ್ಣು ಮಾಡಿದ್ದೇನೆ. ನನ್ನ ಕೋಣೆಯಲ್ಲಿ ಬಚ್ಚಿಟ್ಟಿದ್ದೆ, ಮಗಳಿಗೆ ಈಗಷ್ಟೇ ಗೊತ್ತಾಯಿತು. "ಛೀ ಅಪ್ಪಾ, ಇದಕ್ಕಾ ನೀನು ಅಲ್ಲಿಗೆ ಹೋಗಿದ್ದು?" ಎಂದಳು.

ಕ್ಷಮಿಸಿ ಎಂದು ಬರೆಯಲು ಕೂತೆ, ಅದು ನನಗೆ ಬರುತ್ತಿಲ್ಲ. ನಾನು ಇನ್ನು ಕೋಲು ಹಿಡಿಯುವುದಿಲ್ಲ. ಒಂದೇ ಒಂದು ವಿಷಯ ತಿಳಿಸಿ. ಹೋದ ವರ್ಷದ ಮರಿ ಅದೊಂದೇ ಇರಲಿಕ್ಕಿಲ್ಲ. ಅದರ ಒಡಹುಟ್ಟಿದವು ಯಾವುದಾದರೂ ಅಲ್ಲಿ ಆ ಸುತ್ತನ್ನು ಹಾಡುತ್ತದೆಯೇ? ಹಿಡಿಯಲಿಕ್ಕಲ್ಲ. ಹಾಡು ಉಳಿದಿದೆ ಎಂದು ಗೊತ್ತಾದರೆ ನಿದ್ದೆ ಬಂದೀತು ಎಂದು.

ರಿಸಾಕು


ತಾರುಮಿಜು
ಮೇ ೧೨

ಕುಬೊಜೊನೊ ರಿಸಾಕು ಅವರಿಗೆ,

ಇಲ್ಲ. ಇಲ್ಲಿ ಯಾವ ಹಕ್ಕಿಯೂ ಹಾಗೆ ಹಾಡುವುದಿಲ್ಲ.

ಇನ್ನು ಮುಂದೆ ಕಾಗದ ಬರೆಯಬೇಡಿ. ವರ್ಷದ ಪೂಜೆಗೂ ಬರಬೇಡಿ.

ಸೊಗಾಬೆ ಇಟ್ಸುಯೊ


ತಾರುಮಿಜು
ಮೇ ೨೯

ತೊಕಿಜಿ ಅವರಿಗೆ,

ಈ ಕಾಗದವನ್ನು ಅಂಚೆಗೆ ಹಾಕುವಂತಿಲ್ಲ. ನಿಮ್ಮ ಫೋಟೋದ ಮುಂದೆ, ಅನ್ನದ ಬಟ್ಟಲಿನ ಪಕ್ಕದಲ್ಲಿ ಇಡುತ್ತೇನೆ.

ಕಾಗೆ ಎಂದಿರಿ. ನಾನು ಒಣಗಿದ ಮರಿಗಳನ್ನು ಕಾಗದದಲ್ಲಿ ಸುತ್ತಿ ತ್ಸುಬಾಕಿಯ ಬುಡದಲ್ಲಿ ಹೂಳುವಾಗ ನೀವೇ ಗುದ್ದಲಿ ತಂದುಕೊಟ್ಟಿರಿ. ಆ ವಾರವೇ ಬಟ್ಟೆ ಹೊದಿಸಿದ ಪಂಜರವನ್ನು ತಂದು "ತಗೋ, ನಿಂಗೆ ಅಂತ ತಂದಿದೀನಿ" ಎಂದಿರಿ. ಅವುಗಳ ಅಪ್ಪನನ್ನೇ ನನ್ನ ಕೈಗೆ ಕೊಟ್ಟಿರಿ. ನಾನು ಒಂಬತ್ತು ವರ್ಷ ಅದಕ್ಕೆ ಅರೆದು ಹಾಕುತ್ತ, ನಿಮ್ಮದು ಬಾಯಿಲ್ಲದ ಪ್ರೀತಿ ಎಂದು ನಂಬಿಕೊಂಡು ಬಂದೆ. ನೀವಿದ್ದಾಗ ಕೇಳಿದ್ದರೆ ಏನು ಹೇಳುತ್ತಿದ್ದಿರೋ. ಬಹುಶಃ ಸಿಗರೇಟು ಹಚ್ಚಿಕೊಂಡು ಎದ್ದು ಹೋಗುತ್ತಿದ್ದಿರಿ. ಬಿಟ್ಟುಬಿಡು ಎಂದು ಕೊನೆಗೆ ಹೇಳಿದ್ದು ಅದಕ್ಕೇ ಆಗಿದ್ದರೂ, ಏಕೆ ಎಂದು ನನಗೆ ಹೇಳಿ ಹೋಗಬೇಕಿತ್ತು. ಗೊತ್ತಿದ್ದರೆ ನಾನು ಕಿತ್ತಳೆ ಇಡುತ್ತಿರಲಿಲ್ಲ. ನಿಮ್ಮ ಅಂಗಿ ಹಾಕಿಕೊಂಡು ಕೂರುತ್ತಿರಲಿಲ್ಲ.

ಪಂಜರವನ್ನು ಒಡೆದು ಸ್ನಾನದ ಒಲೆಗೆ ಹಾಕಿದೆ.

ರಿಸಾಕುಗೆ ನಾನು ಬರೆದದ್ದು ಸುಳ್ಳು. ಇನ್ನೊಂದು ಇದೆ. ಹೋದ ತಿಂಗಳ ಕೊನೆಯಿಂದ ನೋಬುವಿನ ಬೇಲಿಯಲ್ಲಿ ಕೂತು ಹಾಡುತ್ತದೆ. ಆ ಸುತ್ತನ್ನು ಏರಿಸುತ್ತದೆ, ನಿಲ್ಲಿಸುವ ಕಡೆ ನಿಲ್ಲಲಾರದೆ ಎಡವುತ್ತದೆ. ಆ ಸುತ್ತು ನಿಮ್ಮದಲ್ಲ, ರಿಸಾಕುವಿನದೂ ಅಲ್ಲ. ನೀವಿಬ್ಬರೂ ಹೆಸರಿಡುವ ಮೊದಲೇ ಅದು ಈ ಮರದಲ್ಲಿತ್ತು.

ಆ ಹಕ್ಕಿಯೂ, ಒಂಟಿ ಹೆಣ್ಣೂ ಈಗ ಜೊತೆಯಾಗಿ ಬರುತ್ತಿವೆ. ಇಲ್ಲಿ ಅಂಗಿ ಕಂಡರೆ ಹಣ್ಣು ಸಿಗುತ್ತದೆ ಎಂದು ಹೆಣ್ಣಿಗೆ ಗೊತ್ತು, ಅದನ್ನು ನೋಡಿ ಇದೂ ಬರುತ್ತದೆ. ಅದಕ್ಕೇ ದಿನವೂ ನಿಮ್ಮ ಹಾಂತೆನ್ ಹಾಕಿಕೊಂಡು ಅಂಗಳದಲ್ಲಿ ನಿಲ್ಲುತ್ತೇನೆ. ಬೆವರು ಇಳಿಯುತ್ತದೆ. ಕೈಯಲ್ಲಿ ಪಾತ್ರೆಯ ಮುಚ್ಚಳ, ಸೌಟು. ಹತ್ತಿರ ಬಂದ ಕೂಡಲೇ ಬಡಿಯುತ್ತೇನೆ. ಮೊದಲ ದಿನ ಹೆಣ್ಣು ಹಾರಿ ಹೋಗಿ ಮತ್ತೆ ಬಂತು. ತೋಳಿನ ಹತ್ತಿರಕ್ಕೇ ಬಂತು, ಏನೋ ತಪ್ಪು ತಿಳಿದಿದ್ದೀಯ ಎನ್ನುವ ಹಾಗೆ ತಲೆ ಓರೆ ಮಾಡಿ ನೋಡಿತು. ಅವತ್ತು ಕಲ್ಲು ಎಸೆದೆ. ತಗುಲದ ಹಾಗೆ ಎಸೆದೆ, ಆದರೆ ಎಸೆದೆ.

"ಹುಚ್ಚು ಹಿಡೀತೇನೇ ನಿಂಗೆ?" ಎಂದಳು ನೋಬು. "ಚಳಿಗಾಲವೆಲ್ಲ ಬಾ ಬಾ ಅಂತ ಕರೆದೆ. ಈಗ ಹೊಡ್ದು ಓಡಿಸ್ತೀಯಲ್ಲ."

"ಈ ಅಂಗಿ ಕಂಡ್ರೆ ಅವು ಹೆದರಬೇಕು" ಎಂದೆ.

"ಅಂಗಿ ಸುಟ್ಟುಬಿಡು, ಮುಗೀತು."

"ಅಂಗಿ ಸುಡಬಹುದು. ಇಂಥ ಅಂಗಿ ಹಾಕ್ಕೊಂಡು ಬರೋ ಜನ ಇದಾರಲ್ಲ."

ಅವಳು ಒಳಗಿನಿಂದ ತನ್ನದೊಂದು ದೊಡ್ಡ ಮುಚ್ಚಳ ತಂದು ಬೇಲಿಯ ಮೇಲಿಂದ ಚಾಚಿದಳು. "ಇದು ಜಾಸ್ತಿ ಸದ್ದು ಮಾಡುತ್ತೆ, ತಗೋ."

ಇವತ್ತು ಬೆಳಿಗ್ಗೆ ಎರಡೂ ಉಮೆ ಕೊಂಬೆಯಲ್ಲಿ ಒತ್ತಿಕೊಂಡು ಕೂತಿದ್ದವು. ಗಂಡು ಹಾಡುತ್ತಿತ್ತು. ಇವತ್ತು ಮೊದಲ ಸಲ ಎಡವದೆ ಆ ಸುತ್ತನ್ನು ಏರಿಸಿ, ಅಲ್ಲೇ ನಿಲ್ಲಿಸಿತು. ಅದು ಕೈಬಿಡುವುದನ್ನು ಕೇಳಬೇಕೆಂದು ನಾನು ಬಾಗಿಲಲ್ಲೇ ಉಸಿರು ಹಿಡಿದು ನಿಂತೆ. ಆಮೇಲೆ ಒಂದು ಹೆಜ್ಜೆ ಹೊರಗಿಟ್ಟೆ.

ಮುಚ್ಚಳ ಎತ್ತಿರಲಿಲ್ಲ. ನನ್ನನ್ನು ಕಂಡೇ ಹಾರಿಹೋದವು.

ಇಟ್ಸುಯೊ